ಉತ್ಪಾದನೆ ಸ್ಥಗಿತಗೊಂಡ ಮಧ್ಯಮ ಗಾತ್ರದ ಹಳೆಯ ಕಾರಿನ ಖರೀದಿ: ಟೊಯೊಟಾ ಎಟಿಯೋಸ್ ಕುರಿತು ಸಾರ್ವಜನಿಕರಿಗೆ ಮಾಹಿತಿ

ಮಸ್ಕಿ, ಸಿಂಧನೂರು ಮತ್ತು ಲಿಂಗಸುಗೂರು ತಾಲ್ಲೂಕುಗಳ ಅನೇಕ ಕುಟುಂಬಗಳಲ್ಲಿ ಮನೆಗೆ ಬರುವ ಮೊದಲ ಕಾರು ಹೊಸದಾಗಿರುವುದಿಲ್ಲ. ಒಬ್ಬರು ಅಥವಾ ಇಬ್ಬರು ಮಾಲೀಕರ ಕೈದಾಟಿ ಬಂದ ಕಾರನ್ನೇ ಬೆಳೆಯ ಹಣದಿಂದಲೋ ಬ್ಯಾಂಕ್ ಸಾಲದಿಂದಲೋ ಕೊಳ್ಳಲಾಗುತ್ತದೆ. ಇಂತಹ ಖರೀದಿಯಲ್ಲಿ ಕಂಪನಿಯು ತಯಾರಿಕೆಯನ್ನು ನಿಲ್ಲಿಸಿರುವ ಮಾದರಿಗಳು ಕಡಿಮೆ ಬೆಲೆಗೆ ದೊರೆಯುವುದರಿಂದ ಸಾರ್ವಜನಿಕರ ಗಮನ ಸಹಜವಾಗಿಯೇ ಅವುಗಳ ಕಡೆಗೆ ಹರಿಯುತ್ತದೆ. ಅಂತಹ ಮಾದರಿಯನ್ನು ಯಾವ ರೀತಿ ಪರಿಶೀಲಿಸಬೇಕು, ಮಾಲೀಕತ್ವ ವರ್ಗಾವಣೆಗೆ ಅರ್ಜಿ ಸಲ್ಲಿಸುವ ಮುನ್ನ ಯಾವ ದಾಖಲೆಗಳನ್ನು ನೋಡಬೇಕು ಎಂಬುದನ್ನು ಟೊಯೊಟಾ ಎಟಿಯೋಸ್ ಕಾರನ್ನು ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ. ಇದು ಯಾವುದೇ ಸಂಸ್ಥೆಯ ಉತ್ಪನ್ನದ ಶಿಫಾರಸು ಅಲ್ಲ.

ಮಾದರಿಯ ಹಿನ್ನೆಲೆ

ಎಟಿಯೋಸ್ ಕರ್ನಾಟಕದಲ್ಲಿಯೇ ತಯಾರಾದ ಕಾರು. ಬೆಂಗಳೂರು ಸಮೀಪದ ಬಿಡದಿಯಲ್ಲಿರುವ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆಯ ಎರಡನೇ ಕಾರ್ಖಾನೆಯಲ್ಲಿ 2010ರ ಡಿಸೆಂಬರ್‌ನಲ್ಲಿ ಇದರ ಉತ್ಪಾದನೆ ಆರಂಭವಾಯಿತು. ಮೊದಲು ಬಂದದ್ದು 1.5 ಲೀಟರ್ ಸಾಮರ್ಥ್ಯದ ಪೆಟ್ರೋಲ್ ಕಾರು ಮಾತ್ರ. 1.4 ಲೀಟರ್ ಸಾಮರ್ಥ್ಯದ ಡೀಸೆಲ್ ಕಾರು 2011ರಲ್ಲಿ ಮಾರುಕಟ್ಟೆಗೆ ಬಂದಿತು. ಭಾರತ್ ಸ್ಟೇಜ್ 6 ಹೊಗೆ ಮಾನದಂಡವು 2020ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ, ಈ ಕಾರನ್ನು ಹೊಸ ಮಾನದಂಡಕ್ಕೆ ಹೊಂದಿಸದೆ ಉತ್ಪಾದನೆಯನ್ನು ಕೈಬಿಡಲಾಯಿತು.

ಈ ದಿನಾಂಕಗಳು ಖರೀದಿದಾರರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತವೆ. ಡೀಸೆಲ್ ಎಟಿಯೋಸ್ ಒಂದರ ತಯಾರಿಕೆಯ ವರ್ಷ 2010 ಎಂದು ನೋಂದಣಿ ಪ್ರಮಾಣಪತ್ರದಲ್ಲಿ ಕಂಡುಬಂದಲ್ಲಿ ಆ ದಾಖಲೆಯಲ್ಲಿ ದೋಷವಿದೆ ಎಂದೇ ತಿಳಿಯಬೇಕು. ಅದೇ ರೀತಿ, ಮೊದಲ ನೋಂದಣಿಯ ದಿನಾಂಕ 2020ರ ಮಾರ್ಚ್ 31ರ ನಂತರದ್ದಾಗಿದ್ದಲ್ಲಿ ಅದಕ್ಕೆ ಕಾರಣವನ್ನು ಮಾರಾಟಗಾರರಿಂದ ಕೇಳಿ ಪಡೆಯಬೇಕು. ಭಾರತ್ ಸ್ಟೇಜ್ 4 ವಾಹನಗಳ ನೋಂದಣಿ ಆ ದಿನಾಂಕದ ನಂತರ ಸಾಮಾನ್ಯವಾಗಿ ನಡೆದಿಲ್ಲ. ಲಾಕ್‌ಡೌನ್ ಕಾಲದಲ್ಲಿ ನ್ಯಾಯಾಲಯದ ಆದೇಶದಂತೆ ಅವಕಾಶ ದೊರೆತ ವಾಹನಗಳು ಮಾತ್ರ ಇದಕ್ಕೆ ಹೊರತು.

ಕಾರಿನ ಉದ್ದ 4,265 ಮಿ.ಮೀ. ನಾಲ್ಕು ಮೀಟರ್ ಒಳಗಿನ ಸಣ್ಣ ಸೆಡಾನ್‌ಗಳಿಗಿಂತ ಇದು ದೊಡ್ಡದು. ಹಿಂಬದಿಯ ಸೀಟಿನಲ್ಲಿ ಮೂವರು ಇಕ್ಕಟ್ಟಿಲ್ಲದೆ ಕೂರಬಹುದು, ಡಿಕ್ಕಿಯ ಅಳತೆ 590 ಲೀಟರ್‌ಗಿಂತ ಹೆಚ್ಚು. ಒಳಾಂಗಣ ಸರಳವಾದುದು, ವೇಗಮಾಪಕವು ಚಾಲಕನ ಎದುರಿಗಿರದೆ ಡ್ಯಾಶ್‌ಬೋರ್ಡ್‌ನ ನಡುವೆ ಇರುತ್ತದೆ, ಪ್ಲಾಸ್ಟಿಕ್ ಒರಟಾಗಿರುತ್ತದೆ. ಹೊಸದಾಗಿದ್ದಾಗ ಈ ಕಾರಣಕ್ಕೆ ಟೀಕೆಗೆ ಒಳಗಾದ ಕಾರು ಇದು. ಆದರೆ ಹತ್ತು ವರ್ಷ ಕಳೆದ ಮೇಲೆ ನೋಡುವಾಗ, ಕೆಟ್ಟುಹೋಗಬಹುದಾದ ಅಲಂಕಾರಿಕ ಭಾಗಗಳು ಕಡಿಮೆ ಇರುವುದು ಹಳೆಯ ಕಾರಿನ ಖರೀದಿದಾರರಿಗೆ ಅನುಕೂಲವೇ ಸರಿ.

ಉತ್ಪಾದನೆ ನಿಂತಿತೆಂಬ ಒಂದೇ ಕಾರಣಕ್ಕೆ ಕಾರನ್ನು ತಿರಸ್ಕರಿಸಬೇಕಾಗಿಲ್ಲ. ಮಾದರಿಯೊಂದು ನಿಲ್ಲುವುದು ಬೇರೆ, ತಯಾರಕ ಸಂಸ್ಥೆಯೇ ದೇಶದಿಂದ ನಿರ್ಗಮಿಸುವುದು ಬೇರೆ. ಜನರಲ್ ಮೋಟಾರ್ಸ್ 2017ರಲ್ಲಿ ಭಾರತದಲ್ಲಿ ಷೆವರ್ಲೆ ಕಾರುಗಳ ಮಾರಾಟವನ್ನು ನಿಲ್ಲಿಸಿತು. ಫೋರ್ಡ್ ಸಂಸ್ಥೆಯು 2021ರಲ್ಲಿ ಭಾರತದಲ್ಲಿ ಕಾರು ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಎಟಿಯೋಸ್ ವಿಷಯದಲ್ಲಿ ತಯಾರಕ ಸಂಸ್ಥೆಯು ಬಿಡದಿಯಲ್ಲಿ ಬೇರೆ ಕಾರುಗಳ ತಯಾರಿಕೆಯನ್ನು ಮುಂದುವರಿಸಿದೆ. ಈ ಮಾದರಿಯು ಬಹುಕಾಲ ಟ್ಯಾಕ್ಸಿಯಾಗಿ ಓಡಿರುವುದರಿಂದ ಇದರ ದುರಸ್ತಿ ಬಲ್ಲ ಮೆಕ್ಯಾನಿಕ್‌ಗಳೂ ಅನೇಕರಿದ್ದಾರೆ. ಆದರೂ ಮುಂಗಡ ನೀಡುವ ಮೊದಲು ಹೆಡ್‌ಲೈಟ್, ಬಂಪರ್, ಬಾಗಿಲಿನ ಗಾಜು ಮುಂತಾದ ಹೊರಭಾಗಗಳ ಬೆಲೆ ಮತ್ತು ಲಭ್ಯತೆಯನ್ನು ಸೇವಾ ಕೇಂದ್ರದಲ್ಲಿ ವಿಚಾರಿಸುವುದು ಒಳಿತು. ಮಾದರಿ ನಿಂತ ಮೇಲೆ ಎಂಜಿನ್ ಭಾಗಗಳಿಗಿಂತ ಇಂತಹ ಭಾಗಗಳಿಗೇ ಹೆಚ್ಚು ದಿನ ಕಾಯಬೇಕಾಗಿ ಬರಬಹುದು.

ವಾಹನದ ಪೂರ್ವ ಬಳಕೆ

ಎಟಿಯೋಸ್ ಖರೀದಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು: ಈ ಕಾರು ಇದಕ್ಕೆ ಮೊದಲು ಏನಾಗಿತ್ತು? ಬೆಂಗಳೂರು, ಹೈದರಾಬಾದ್ ಮೊದಲಾದ ನಗರಗಳಲ್ಲಿ ಈ ಮಾದರಿಯನ್ನು, ವಿಶೇಷವಾಗಿ ಡೀಸೆಲ್ ಕಾರನ್ನು, ದೊಡ್ಡ ಪ್ರಮಾಣದಲ್ಲಿ ಟ್ಯಾಕ್ಸಿಯಾಗಿ ಬಳಸಲಾಗಿದೆ. ಟ್ಯಾಕ್ಸಿಯೊಂದು ದಿನಕ್ಕೆ 200 ಕಿ.ಮೀ.ನಂತೆ ವರ್ಷಕ್ಕೆ 300 ದಿನ ಓಡಿದಲ್ಲಿ ವರ್ಷವೊಂದಕ್ಕೆ 60,000 ಕಿ.ಮೀ., ಐದು ವರ್ಷಕ್ಕೆ 3 ಲಕ್ಷ ಕಿ.ಮೀ. ಆಗುತ್ತದೆ. ಮನೆಬಳಕೆಯ ಕಾರು ಅಷ್ಟು ದೂರವನ್ನು ಕ್ರಮಿಸಲು ಇಪ್ಪತ್ತು ವರ್ಷ ಬೇಕಾದೀತು. ಇಂತಹ ಕಾರಿನ ಹಳದಿ ಫಲಕವನ್ನು ತೆಗೆದು ಬಿಳಿ ಫಲಕ ಹಾಕಿದ ಮೇಲೆ, ಹೊರನೋಟಕ್ಕೆ ಅದಕ್ಕೂ ಶಿಕ್ಷಕರೊಬ್ಬರ ಮನೆಯ ಮುಂದೆ ನಿಂತಿದ್ದ ಕಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಸಾರಿಗೆ ವಾಹನವನ್ನು ಖಾಸಗಿ ವಾಹನವಾಗಿ ಪರಿವರ್ತಿಸುವುದು ಕಾನೂನುಬದ್ಧವೇ ಆಗಿದೆ. ಇದಕ್ಕೆ ರಹದಾರಿಯನ್ನು ಒಪ್ಪಿಸಿ, ನೋಂದಣಿ ಪ್ರಾಧಿಕಾರದ ಅನುಮತಿ ಪಡೆದು, ಅನ್ವಯಿಸುವ ತೆರಿಗೆಯನ್ನು ಪಾವತಿಸಬೇಕು. ಪರಿವರ್ತನೆ ಮಾಡಿಸಿರುವುದು ತಪ್ಪಲ್ಲ. ಅದನ್ನು ಮರೆಮಾಚಿ ಒಬ್ಬರೇ ಬಳಸಿದ ಮನೆಯ ಕಾರೆಂದು ಹೇಳಿ ಬೆಲೆ ಏರಿಸುವುದು ತಪ್ಪು. ಆದುದರಿಂದ ಖರೀದಿದಾರರು ನೋಂದಣಿ ಪ್ರಮಾಣಪತ್ರದ ಈಗಿನ ಪ್ರತಿಯನ್ನಷ್ಟೇ ನೋಡಿ ತೃಪ್ತರಾಗಬಾರದು. ವಾಹನದ ವರ್ಗ ಹಿಂದೆ ಮೋಟಾರು ಕ್ಯಾಬ್ ಎಂದಿತ್ತೇ, ಎಷ್ಟನೇ ಮಾಲೀಕರು, ಅರ್ಹತಾ ಪತ್ರ ಯಾವಾಗಲಾದರೂ ನೀಡಲಾಗಿತ್ತೇ ಎಂಬುದನ್ನು ನೋಂದಣಿ ಕಚೇರಿಯ ದಾಖಲೆಗಳಿಂದ ಖಚಿತಪಡಿಸಿಕೊಳ್ಳಬೇಕು. ಖಾಸಗಿ ಕಾರಿಗೆ ಮೊದಲ 15 ವರ್ಷ ಪ್ರತ್ಯೇಕ ಅರ್ಹತಾ ಪತ್ರದ ಅಗತ್ಯವಿರುವುದಿಲ್ಲ. ಹಳೆಯ ಅರ್ಹತಾ ಪತ್ರ ಅಥವಾ ರಹದಾರಿಯ ಸುಳಿವು ದೊರೆತಲ್ಲಿ ಅದು ಬಾಡಿಗೆಗೆ ಓಡಿದ ಕಾರೆಂದೇ ಅರ್ಥ.

ಕಾರು ಕೂಡ ಸಾಕ್ಷಿ ಹೇಳುತ್ತದೆ. ವೇಗ ನಿಯಂತ್ರಕ ಅಳವಡಿಸಿದ್ದ ಜಾಗದಲ್ಲಿ ಕತ್ತರಿಸಿದ ತಂತಿ, ಡ್ಯಾಶ್‌ಬೋರ್ಡ್ ಮೇಲೆ ಮೊಬೈಲ್ ಹಿಡಿಕೆ ಅಥವಾ ಮೀಟರ್ ಕೂರಿಸಿದ್ದ ತೂತು, ಬಾಗಿಲಿನ ಮೇಲೆ ಕಿತ್ತ ಸ್ಟಿಕರ್‌ನ ಗುರುತು ಇವೆಯೇ ನೋಡಬೇಕು. ಮೀಟರ್ 70,000 ಕಿ.ಮೀ. ತೋರಿಸುತ್ತಿದ್ದು, ಕ್ಲಚ್ ಪೆಡಲ್‌ನ ರಬ್ಬರ್ ಸವೆದು ಲೋಹ ಕಾಣುತ್ತಿದ್ದರೆ, ಸ್ಟಿಯರಿಂಗ್ ಚಕ್ರ ನುಣುಪಾಗಿ ಹೊಳೆಯುತ್ತಿದ್ದರೆ, ಚಾಲಕನ ಆಸನದ ಬಲ ಅಂಚು ಕುಸಿದಿದ್ದರೆ ಮೀಟರ್‌ನ ಮಾತನ್ನು ನಂಬಲಾಗದು. ಹಿಂಬದಿಯ ಎಡ ಬಾಗಿಲಿನ ಹಿಡಿಕೆ ಉಳಿದ ಬಾಗಿಲುಗಳದ್ದಕ್ಕಿಂತ ಹೆಚ್ಚು ಸಡಿಲವಾಗಿರುವುದು ಇನ್ನೊಂದು ಸೂಚನೆ. ಬಾಡಿಗೆಯ ಪ್ರಯಾಣಿಕರು ಹತ್ತಿ ಇಳಿಯುವುದು ಹೆಚ್ಚಾಗಿ ಆ ಬಾಗಿಲಿನಿಂದಲೇ. ಅಧಿಕೃತ ಸೇವಾ ಕೇಂದ್ರದಲ್ಲಿ ಸರ್ವೀಸ್ ಆಗಿರುವ ಕಾರಾಗಿದ್ದಲ್ಲಿ, ಮಾಲೀಕರ ಒಪ್ಪಿಗೆಯೊಂದಿಗೆ ಅಲ್ಲಿಯ ದಾಖಲೆಯನ್ನು ಕೇಳಿ ಪಡೆದು ಪ್ರತಿ ಸರ್ವೀಸ್‌ನಲ್ಲಿ ನಮೂದಾದ ಕಿ.ಮೀ. ಅಂಕಿಯನ್ನು ಹೋಲಿಸಬೇಕು. ಅಂಕಿ ಹಿಂದಕ್ಕೆ ಹೋಗಿದ್ದಲ್ಲಿ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸುವುದು ಲೇಸು.

ಹೀಗೆಂದ ಮಾತ್ರಕ್ಕೆ ಟ್ಯಾಕ್ಸಿಯಾಗಿದ್ದ ಪ್ರತಿಯೊಂದು ಎಟಿಯೋಸ್ ನಿರುಪಯುಕ್ತವಲ್ಲ. ಕಾಲಕಾಲಕ್ಕೆ ಎಂಜಿನ್ ಆಯಿಲ್ ಬದಲಿಸಿ ಹೆದ್ದಾರಿಯಲ್ಲಿ ಓಡಿಸಿದ ಕಾರು, ವರ್ಷಗಟ್ಟಲೆ ನಿಂತಲ್ಲೇ ನಿಂತ ಕಾರಿಗಿಂತ ಉತ್ತಮ ಸ್ಥಿತಿಯಲ್ಲಿರಬಹುದು. ಪೂರ್ವ ಬಳಕೆ ತಿಳಿದ ಮೇಲೆ ಅದಕ್ಕೆ ತಕ್ಕ ಬೆಲೆ ಕೊಡುವುದು ಖರೀದಿದಾರರ ಹಕ್ಕು.

ಡೀಸೆಲ್ ಅಥವಾ ಪೆಟ್ರೋಲ್

ಪೆಟ್ರೋಲ್ ಎಂಜಿನ್ 1,496 ಸಿ.ಸಿ., ಡೀಸೆಲ್ ಎಂಜಿನ್ 1,364 ಸಿ.ಸಿ. ಸಾಮರ್ಥ್ಯದ್ದು. ಕಂಪನಿಯು ಪ್ರಕಟಿಸಿದ್ದ ಅಧಿಕೃತ ಮೈಲೇಜ್ ಪೆಟ್ರೋಲ್‌ಗೆ ಲೀಟರಿಗೆ 17 ಕಿ.ಮೀ. ಆಸುಪಾಸು, ಡೀಸೆಲ್‌ಗೆ 23 ಕಿ.ಮೀ. ಮೀರಿದ್ದು. ರಸ್ತೆಯಲ್ಲಿ ಎರಡೂ ಇದಕ್ಕಿಂತ ಕಡಿಮೆಯೇ ಕೊಡುತ್ತವೆ.

ಡೀಸೆಲ್ ಉಳಿತಾಯದ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಬೇಕು. ತಿಂಗಳಿಗೆ 600 ಕಿ.ಮೀ. ಓಡಿಸುವ ಕುಟುಂಬಕ್ಕೆ, ಲೀಟರಿಗೆ 15 ಕಿ.ಮೀ.ನಂತೆ 40 ಲೀಟರ್ ಪೆಟ್ರೋಲ್, 20 ಕಿ.ಮೀ.ನಂತೆ 30 ಲೀಟರ್ ಡೀಸೆಲ್ ಬೇಕಾಗುತ್ತದೆ. ಉಳಿಯುವುದು ತಿಂಗಳಿಗೆ ಹತ್ತು ಲೀಟರ್ ಇಂಧನ ಮತ್ತು ಎರಡರ ಬೆಲೆಯ ಅಂತರ. ಹಳೆಯ ಡೀಸೆಲ್ ಎಂಜಿನ್‌ನಲ್ಲಿ ಇಂಜೆಕ್ಟರ್‌ಗಳು ಅಥವಾ ಟರ್ಬೊ ದುರಸ್ತಿಗೆ ಬಂದರೆ ಎಷ್ಟೋ ತಿಂಗಳ ಈ ಉಳಿತಾಯ ಒಂದೇ ಬಿಲ್ಲಿನಲ್ಲಿ ಮುಗಿಯುತ್ತದೆ. ತಿಂಗಳಿಗೆ ಸಾವಿರಾರು ಕಿ.ಮೀ. ಓಡಾಟವಿರುವವರಿಗೆ ಡೀಸೆಲ್ ಸರಿ. ಆಸ್ಪತ್ರೆ, ಮದುವೆ, ಸಂತೆ, ರಾಯಚೂರಿನ ಕಚೇರಿ ಕೆಲಸ ಎಂದು ಆಗಾಗ ಮಾತ್ರ ಹೊರಡುವ ಮನೆಗೆ ಕಡಿಮೆ ಓಡಿದ ಪೆಟ್ರೋಲ್ ಕಾರೇ ಹೆಚ್ಚು ಸೂಕ್ತ. ಅದು ಟ್ಯಾಕ್ಸಿಯಾಗಿದ್ದ ಸಂಭವವೂ ಕಡಿಮೆ.

ಪೆಟ್ರೋಲ್ ಕಾರಿನ ವಿಷಯದಲ್ಲಿ ಗಮನಿಸಬೇಕಾದ ಹೊಸ ಸಂಗತಿಯೆಂದರೆ ಶೇ. 20ರಷ್ಟು ಎಥನಾಲ್ ಬೆರೆತ ಇಂಧನ. 2020ಕ್ಕೂ ಮೊದಲಿನ ಕಾರುಗಳು ಈ ಪ್ರಮಾಣದ ಮಿಶ್ರಣಕ್ಕೆಂದು ರೂಪುಗೊಂಡವಲ್ಲ. ಮೈಲೇಜ್‌ನಲ್ಲಿ ಸ್ವಲ್ಪ ಇಳಿಕೆಯಾಗಬಹುದು, ಹಳೆಯ ವಾಹನಗಳಲ್ಲಿ ಕೆಲವು ರಬ್ಬರ್ ಭಾಗ ಮತ್ತು ಗ್ಯಾಸ್ಕೆಟ್‌ಗಳನ್ನು ಬದಲಿಸಬೇಕಾಗಬಹುದು ಎಂದು ಕೇಂದ್ರ ಸರ್ಕಾರವೂ 2025ರಲ್ಲಿ ತಿಳಿಸಿದೆ. ಬ್ರೆಜಿಲ್‌ನಲ್ಲಿ ಎಥನಾಲ್‌ನಿಂದಲೇ ಓಡಬಲ್ಲ ಎಟಿಯೋಸ್ ಮಾರಾಟವಾಗಿತ್ತು ಎಂಬುದು ನಿಜ. ಆದರೆ ಅದನ್ನು ಆ ಇಂಧನಕ್ಕೆಂದೇ ಸಿದ್ಧಪಡಿಸಲಾಗಿತ್ತು. ಇಲ್ಲಿಯ ಕಾರಿನಲ್ಲಿ ಇಂಧನ ಪೈಪುಗಳು ಬಿರುಕು ಬಿಟ್ಟಿವೆಯೇ, ಪೆಟ್ರೋಲ್ ವಾಸನೆ ಬರುತ್ತಿದೆಯೇ ಎಂದು ಪರಿಶೀಲಿಸಬೇಕು.

ಕಾರನ್ನು ಕಣ್ಣಾರೆ ನೋಡುವಾಗ

ಕಾರನ್ನು ಹಗಲು ಹೊತ್ತಿನಲ್ಲಿ, ಎಂಜಿನ್ ತಣ್ಣಗಿರುವಾಗ ನೋಡಬೇಕು. ಖರೀದಿದಾರರು ಬರುವ ಮೊದಲೇ ಮಾರಾಟಗಾರರು ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಮತ್ತೊಂದು ದಿನ ಬರುವುದು ಒಳ್ಳೆಯದು. ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದಲ್ಲಿ ಆಯಿಲ್ ಸುಡುತ್ತಿದೆಯೆಂದೂ, ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದಲ್ಲಿ ಕೂಲಂಟ್ ಒಳಸೇರುತ್ತಿರಬಹುದೆಂದೂ ತಿಳಿಯಬೇಕು. ಈ ಭಾಗದ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದರಿಂದ ರೇಡಿಯೇಟರ್, ಅದರ ಫ್ಯಾನ್ ಮತ್ತು ಎ.ಸಿ.ಯನ್ನು ಕನಿಷ್ಠ ಅರ್ಧ ಗಂಟೆ ಚಾಲನೆಯಲ್ಲಿಟ್ಟು ನೋಡುವುದು ಅವಶ್ಯಕ. ಸಂಜೆಯ ತಂಪಿನಲ್ಲಿ ಎಲ್ಲ ಎ.ಸಿ.ಗಳೂ ಚೆನ್ನಾಗಿಯೇ ಕೆಲಸ ಮಾಡುತ್ತವೆ.

ಕಾಲುವೆ ನೀರಿನ ಎರೆಭೂಮಿಯ ರಸ್ತೆಗಳಲ್ಲಿ ಓಡಿದ ಕಾರಿನ ಅಡಿಭಾಗವನ್ನು ಎತ್ತಿಸಿ ನೋಡದೆ ಬೆಲೆ ಮಾತನಾಡಬಾರದು. ಕಪ್ಪು ಮಣ್ಣು ಚಕ್ರದ ಒಳಭಾಗಕ್ಕೂ ಅಡಿಯ ತಗಡಿಗೂ ಮೆತ್ತಿಕೊಂಡು ದಿನಗಟ್ಟಲೆ ತೇವವನ್ನು ಹಿಡಿದಿಡುತ್ತದೆ. ತುಕ್ಕು ಹಿಡಿಯುವುದು ಅದರ ಮರೆಯಲ್ಲಿ. ಮುಂಭಾಗದ ಸಸ್ಪೆನ್ಷನ್‌ನ ಬುಷ್‌ಗಳು ಸವೆದಿದ್ದರೆ ತಗ್ಗು ದಿಣ್ಣೆಯ ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಟಕ ಟಕ ಶಬ್ದ ಕೇಳಿಸುತ್ತದೆ. ಪರೀಕ್ಷಾ ಚಾಲನೆಯನ್ನು ಹೆದ್ದಾರಿಗೆ ಸೀಮಿತಗೊಳಿಸದೆ ಇಂತಹ ರಸ್ತೆಯಲ್ಲಿಯೂ ಮಾಡಬೇಕು.

ನೆರೆಯಲ್ಲಿ ಮುಳುಗಿದ ಕಾರುಗಳ ಬಗ್ಗೆ ಪ್ರತ್ಯೇಕ ಎಚ್ಚರಿಕೆ ಬೇಕು. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದ್‌ನಲ್ಲಿ, 2022ರಲ್ಲಿ ಬೆಂಗಳೂರಿನ ಕೆಲವು ಬಡಾವಣೆಗಳಲ್ಲಿ ಬಹಳಷ್ಟು ಕಾರುಗಳು ನೀರಿನಲ್ಲಿ ನಿಂತಿದ್ದವು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೊನೆಯ ಭಾಗದಲ್ಲಿ ಕೆಸರಿನ ಗೆರೆ ಇದೆಯೇ, ಸೀಟಿನ ಕೆಳಗಿನ ಹಳಿಗಳು ತುಕ್ಕು ಹಿಡಿದಿವೆಯೇ, ಸ್ಟೆಪ್ನಿ ಇಡುವ ಗುಂಡಿಯಲ್ಲಿ ಮಣ್ಣು ಉಳಿದಿದೆಯೇ ನೋಡಬೇಕು. ಹೊಸ ಸೀಟ್ ಕವರ್ ಮತ್ತು ಸುಗಂಧದ ಬಾಟಲಿ ಎರಡೂ ಒಟ್ಟಿಗೆ ಇದ್ದಲ್ಲಿ ಮ್ಯಾಟ್ ಎತ್ತಿ ನೋಡುವುದು ಇನ್ನೂ ಅಗತ್ಯ.

ಸುರಕ್ಷತೆಯ ದೃಷ್ಟಿಯಿಂದ ತಯಾರಿಕೆಯ ವರ್ಷಕ್ಕೆ ಮಹತ್ವವಿದೆ. ಎರಡು ಏರ್‌ಬ್ಯಾಗ್ ಇರುವ, ಇದೇ ಕುಟುಂಬದ ಹ್ಯಾಚ್‌ಬ್ಯಾಕ್ ಕಾರಿಗೆ 2016ರ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ವಯಸ್ಕರ ರಕ್ಷಣೆಗೆ ನಾಲ್ಕು ನಕ್ಷತ್ರ ದೊರೆತಿತ್ತು. ಆದರೆ ಆರಂಭದ ವರ್ಷಗಳ ಕೆಳ ಶ್ರೇಣಿಯ ಕಾರುಗಳಲ್ಲಿ ಏರ್‌ಬ್ಯಾಗ್ ಇರಲಿಲ್ಲ. ಬೆಲೆಯಲ್ಲಿ ಹೆಚ್ಚು ಅಂತರವಿಲ್ಲದಿದ್ದಲ್ಲಿ ಏರ್‌ಬ್ಯಾಗ್ ಮತ್ತು ಎ.ಬಿ.ಎಸ್. ಎರಡೂ ಇರುವ ನಂತರದ ವರ್ಷಗಳ ಕಾರನ್ನು ಆರಿಸುವುದು ಸೂಕ್ತ. ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪವು ಹೊತ್ತಿ ಕೆಲವು ಸೆಕೆಂಡುಗಳಲ್ಲಿ ಆರಬೇಕು. ದೀಪವು ಹೊತ್ತದೇ ಇದ್ದಲ್ಲಿ, ಅಪಘಾತದಲ್ಲಿ ತೆರೆದ ಏರ್‌ಬ್ಯಾಗನ್ನು ಬದಲಿಸದೆ ದೀಪದ ಸಂಪರ್ಕವನ್ನೇ ತೆಗೆದಿರುವ ಸಾಧ್ಯತೆಯಿದೆ.

ಹೊರರಾಜ್ಯದ ನೋಂದಣಿ

ರಾಯಚೂರು ಜಿಲ್ಲೆಯು ತೆಲಂಗಾಣ ಮತ್ತು ಆಂಧ್ರಪ್ರದೇಶಗಳ ಗಡಿಯಲ್ಲಿರುವುದರಿಂದ ಎಪಿ, ಟಿಎಸ್ ಹಾಗೂ 2024ರಿಂದ ಟಿಜಿ ಸಂಕೇತದ ಕಾರುಗಳು ಇಲ್ಲಿ ಮಾರಾಟಕ್ಕೆ ಬರುವುದು ಸಾಮಾನ್ಯ. ಇವುಗಳ ಬೆಲೆ ಕಡಿಮೆ ಎನಿಸಲು ಒಂದು ಕಾರಣ, ಕರ್ನಾಟಕದ ಜೀವಾವಧಿ ತೆರಿಗೆ ಆ ಬೆಲೆಯಲ್ಲಿ ಸೇರಿರುವುದಿಲ್ಲ. ಮೂಲ ನೋಂದಣಿ ಪ್ರಾಧಿಕಾರದಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಪಡೆದು, ಇಲ್ಲಿ ತೆರಿಗೆ ಕಟ್ಟಿ, ಕೆಎ 36 ಸಂಕೇತದ ಹೊಸ ನೋಂದಣಿ ಸಂಖ್ಯೆಯನ್ನು ಪಡೆಯಬೇಕು. ಈ ತೆರಿಗೆಯನ್ನು ಲೆಕ್ಕ ಹಾಕುವುದು ಖರೀದಿದಾರರು ಕೊಟ್ಟ ಹಣದ ಮೇಲಲ್ಲ, ಕಾರಿನ ಮೂಲ ಬೆಲೆ ಮತ್ತು ವಯಸ್ಸಿನ ಮೇಲೆ. ಆದ್ದರಿಂದ ಅಗ್ಗವಾಗಿ ಕೊಂಡೆವೆಂದು ತೆರಿಗೆ ಅಗ್ಗವಾಗುವುದಿಲ್ಲ. ತೆರಿಗೆಯ ಮೊತ್ತವನ್ನು ಮೊದಲೇ ವಿಚಾರಿಸಿಕೊಂಡು ಕಾರಿನ ಬೆಲೆಗೆ ಕೂಡಿಸಿ ನೋಡಿದಲ್ಲಿ ಎಷ್ಟೋ ವೇಳೆ ಸ್ಥಳೀಯ ನೋಂದಣಿಯ ಕಾರೇ ಲಾಭದಾಯಕವಾಗಿ ಕಾಣುತ್ತದೆ. ನಿರಾಕ್ಷೇಪಣಾ ಪತ್ರವನ್ನು ಮುಂದೆ ಕೊಡುತ್ತೇವೆಂಬ ಭರವಸೆಯ ಮೇಲೆ ಪೂರ್ಣ ಹಣ ಪಾವತಿಸಬಾರದು.

ಹದಿನೈದು ವರ್ಷದ ಅವಧಿ

ಖಾಸಗಿ ಕಾರಿನ ನೋಂದಣಿಯು 15 ವರ್ಷ ಊರ್ಜಿತದಲ್ಲಿರುತ್ತದೆ. 2010ರ ಕೊನೆಯಲ್ಲಿ ರಸ್ತೆಗಿಳಿದ ಮೊದಲ ಎಟಿಯೋಸ್‌ಗಳ ಅವಧಿಯು 2025ರ ಕೊನೆಗೆ ಮುಗಿದಿದೆ. 2012ರವು 2027ರಲ್ಲಿ ಮುಗಿಯುತ್ತವೆ. ನಂತರ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ತಪಾಸಣೆಗೆ ಹಾಜರುಪಡಿಸಿ, ಐದು ವರ್ಷಕ್ಕೆ ನವೀಕರಿಸಿಕೊಳ್ಳಬೇಕಾಗುತ್ತದೆ. ಈ ನವೀಕರಣದ ಶುಲ್ಕವನ್ನು 2022ರ ಏಪ್ರಿಲ್‌ನಿಂದ ಕಾರುಗಳಿಗೆ 5,000 ರೂ.ಗೆ ಏರಿಸಲಾಗಿದ್ದು, ಅನ್ವಯಿಸುವ ಇತರೆ ತೆರಿಗೆ ಪ್ರತ್ಯೇಕ. ಅವಧಿಗೆ ಎರಡು ವರ್ಷವಷ್ಟೇ ಉಳಿದಿರುವ ಕಾರಿನ ಬೆಲೆಯಲ್ಲಿ ಈ ಖರ್ಚನ್ನೂ ತಪಾಸಣೆಗೆ ಮುನ್ನ ಮಾಡಿಸಬೇಕಾದ ದುರಸ್ತಿಯನ್ನೂ ಕಳೆಯಬೇಕು.

ಮಾಲೀಕತ್ವ ವರ್ಗಾವಣೆ

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 50ರ ಮೇರೆಗೆ, ರಾಜ್ಯದೊಳಗಿನ ಮಾರಾಟದಲ್ಲಿ ಮಾರಿದವರು 14 ದಿನಗಳೊಳಗೆ ಮತ್ತು ಕೊಂಡವರು 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡತಕ್ಕದ್ದು. ನಮೂನೆ 29 ಮತ್ತು 30 ಇದಕ್ಕೆ ಸಂಬಂಧಿಸಿದವು. ಕಾರಿನ ಮೇಲೆ ಸಾಲವಿದ್ದಲ್ಲಿ ನಮೂನೆ 35ರ ಮೂಲಕ ಸಾಲದ ನಮೂದನ್ನು ತೆಗೆಸಿದ ನಂತರವೇ ಹಣದ ಕೊನೆಯ ಕಂತನ್ನು ಕೊಡುವುದು ಕ್ಷೇಮ. ಸಾಲ ತೀರಿದೆ ಎಂಬ ಬಾಯಿಮಾತು ಸಾಲದು.

ಸಹಿ ಮಾಡಿದ ಖಾಲಿ ನಮೂನೆಗಳನ್ನು ಕೈಯಿಂದ ಕೈಗೆ ದಾಟಿಸುವ ರೂಢಿಯಿಂದ ಮಾರಿದವರಿಗೂ ಕೊಂಡವರಿಗೂ ತೊಂದರೆಯಾಗುತ್ತದೆ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ, 2007ರಲ್ಲಿ ಮಾರಾಟವಾದ ಕಾರೊಂದು ನೋಂದಣಿ ಬದಲಾಗದೆ ಹಲವರ ಕೈದಾಟಿತ್ತು. 2009ರಲ್ಲಿ ಅದರಿಂದ ಅಪಘಾತವಾಯಿತು. ದಾಖಲೆಯಲ್ಲಿ ಹೆಸರಿದ್ದವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪು ನೀಡಿತು. ಎಂದೋ ಮಾರಿ ಮರೆತ ಕಾರಿಗಾಗಿ ಹಳೆಯ ಮಾಲೀಕರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ವ್ಯಾಪಾರಿಗಳ ಮೂಲಕ ನಡೆಯುವ ಮಾರಾಟಕ್ಕೆ 2023ರ ಏಪ್ರಿಲ್‌ನಿಂದ ಪ್ರತ್ಯೇಕ ನಿಯಮಗಳಿವೆ. ಅಧಿಕಾರ ಪತ್ರ ಪಡೆದ ವ್ಯಾಪಾರಿಗೆ ಕಾರನ್ನು ಒಪ್ಪಿಸುವವರು ಆ ಬಗ್ಗೆ ನಮೂನೆ 29ಸಿ ಮೂಲಕ ಆನ್‌ಲೈನ್‌ನಲ್ಲಿ ತಿಳಿಸಬೇಕು. ವ್ಯಾಪಾರಿಯ ಬಳಿ ಈ ಅಧಿಕಾರ ಪತ್ರವಿದೆಯೇ ಎಂದು ಖರೀದಿದಾರರು ಕೇಳಬಹುದು, ಕೇಳಬೇಕು ಕೂಡ.

ಮಸ್ಕಿಯ ಅರ್ಜಿದಾರರು ಗಮನಿಸಬೇಕಾದ ಒಂದು ಸಣ್ಣ ವಿಷಯವಿದೆ. ಮಸ್ಕಿಯು ಪ್ರತ್ಯೇಕ ತಾಲ್ಲೂಕಾಗುವ ಮೊದಲು ನೋಂದಣಿಯಾದ ಕಾರುಗಳ ಪ್ರಮಾಣಪತ್ರದಲ್ಲಿ ಲಿಂಗಸುಗೂರು, ಸಿಂಧನೂರು ಅಥವಾ ಮಾನ್ವಿ ತಾಲ್ಲೂಕಿನ ವಿಳಾಸವಿರುತ್ತದೆ. ಮಾರಾಟಗಾರರ ಈಗಿನ ಗುರುತಿನ ದಾಖಲೆಯಲ್ಲಿ ಮಸ್ಕಿ ತಾಲ್ಲೂಕು ಎಂದಿರಬಹುದು. ಇದೊಂದರಿಂದಲೇ ಮಾರಾಟಗಾರರನ್ನು ಅನುಮಾನಿಸಬೇಕಾಗಿಲ್ಲ. ಆದರೆ ಹೆಸರು, ತಂದೆಯ ಹೆಸರು ಮತ್ತು ಗ್ರಾಮದ ಹೆಸರು ತಾಳೆಯಾಗಬೇಕು. ಬಾಡಿಯ ಮೇಲೆ ಕೊರೆದಿರುವ ಚಾಸಿಸ್ ಸಂಖ್ಯೆಯನ್ನು ಪ್ರಮಾಣಪತ್ರದೊಂದಿಗೆ ಅಕ್ಷರ ಅಕ್ಷರವಾಗಿ ಹೋಲಿಸಬೇಕು. 2019ರ ಏಪ್ರಿಲ್ 1ಕ್ಕೂ ಮೊದಲು ನೋಂದಣಿಯಾದ ಕಾರಾಗಿದ್ದಲ್ಲಿ ಅತಿ ಸುರಕ್ಷಿತ ನೋಂದಣಿ ಫಲಕ ಅಳವಡಿಸಲಾಗಿದೆಯೇ, ದಂಡದ ಇ-ಚಲನ್‌ಗಳು ಬಾಕಿ ಇವೆಯೇ ಎಂಬುದನ್ನು ಪರಿವಾಹನ್ ಜಾಲತಾಣದಲ್ಲಿ ನೋಡಿಕೊಳ್ಳಬೇಕು. ಬಾಕಿ ದಂಡವನ್ನು ಮಾರಾಟಗಾರರಿಂದಲೇ ಕಟ್ಟಿಸುವುದು ಯೋಗ್ಯ.

ವಿಮೆಯನ್ನು ಪ್ರತ್ಯೇಕವಾಗಿ ವರ್ಗಾಯಿಸಿಕೊಳ್ಳಬೇಕಾಗುತ್ತದೆ. ಮೂರನೇ ವ್ಯಕ್ತಿಗೆ ಸಂಬಂಧಿಸಿದ ರಕ್ಷಣೆಯು ಕಾರಿನೊಂದಿಗೆ ಹೊಸ ಮಾಲೀಕರಿಗೆ ವರ್ಗಾವಣೆಯಾದಂತೆ ಕಾನೂನು ಭಾವಿಸುತ್ತದೆಯಾದರೂ, ವಿಮಾ ಪತ್ರದಲ್ಲಿ ಹೆಸರು ಬದಲಿಸಲು ಕೊಂಡವರು 14 ದಿನಗಳೊಳಗೆ ವಿಮಾ ಸಂಸ್ಥೆಗೆ ಅರ್ಜಿ ಸಲ್ಲಿಸಬೇಕು. ಹೆಸರು ಬದಲಾಗದೆ ಸ್ವಂತ ಕಾರಿಗೆ ಆದ ಹಾನಿಯ ಪರಿಹಾರ ಕೇಳಿದಲ್ಲಿ ಅರ್ಜಿ ತಿರಸ್ಕೃತವಾಗುವ ಸಂಭವವಿದೆ. ಹಿಂದಿನ ಮಾಲೀಕರು ಪರಿಹಾರ ಪಡೆಯದ ವರ್ಷಗಳಿಗೆ ದೊರೆತಿದ್ದ ರಿಯಾಯಿತಿಯು ಅವರಿಗೇ ಸೇರಿದ್ದು. ಅದನ್ನು ಕಾರಿನೊಂದಿಗೆ ಕೊಡುತ್ತೇವೆಂದು ಹೇಳಿ ಬೆಲೆ ಹೆಚ್ಚಿಸಲು ಮಾರಾಟಗಾರರಿಗೆ ಅವಕಾಶವಿಲ್ಲ.